ಮುಗಿಲು ನೋಡಿ ನೀರು ನಿಲ್ಲಿಸಬೇಡಿ

ಏಪ್ರಿಲ್ ಬಂತೆಂದರೆ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ ಸರ್ಕಾರಿ ಕಚೇರಿಗಳ ವೇಳೆ ಬದಲಾಗುತ್ತದೆ. ಬೆಳಿಗ್ಗೆ 8ಕ್ಕೆ ಬಾಗಿಲು ತೆರೆದರೆ ಮಧ್ಯಾಹ್ನ 1.30ಕ್ಕೆ ಕೆಲಸ ಮುಗಿಯುತ್ತದೆ. ಬಿಸಿಲಿಗೆ ಆಡಳಿತವೇ ಹೀಗೆ ಹೊಂದಿಕೊಂಡಿರುವ ಊರಿನಲ್ಲಿ ಹಿತ್ತಲಿನ ಬದನೆ ಗಿಡಕ್ಕೆ ಮಾತ್ರ ಮನೆಯವರಿಗೆ ಪುರುಸೊತ್ತಾದಾಗ ನೀರು. ಹತ್ತು ಗಂಟೆಗೆ ಪೈಪು ಹಿಡಿದು ನಿಂತವರನ್ನು ಯಾವ ಬಡಾವಣೆಯಲ್ಲಾದರೂ ಕಾಣಬಹುದು. ಆ ಹೊತ್ತಿಗೆ ಮಣ್ಣು ಕಾದಿರುತ್ತದೆ, ಗಾಳಿ ಒಣಗಿರುತ್ತದೆ. ಹಾಕಿದ ನೀರಿನಲ್ಲಿ ಒಂದು ಪಾಲು ಬೇರಿಗೆ ದಕ್ಕದೆ ಆವಿಯಾಗಿ ಹೋಗುತ್ತದೆ.

ನಮ್ಮ ಕಡೆ ಬೇಸಿಗೆಯಲ್ಲಿ ಕಾಯಿಪಲ್ಯ ಬೆಳೆಯುವುದಿಲ್ಲ, ಬಿಸಿಲು ಸುಟ್ಟುಬಿಡುತ್ತದೆ ಎಂಬ ಮಾತು ಎಲ್ಲರ ಬಾಯಲ್ಲೂ ಇದೆ. ಅದು ಅರ್ಧ ನಿಜ. ಒಂದೇ ಸಮನೆ ಕಾಯುವ ಬಿಸಿಲಿಗೆ ಬೆಂಡೆ, ಚವಳಿ, ರಾಜಗಿರಿಯಂಥ ಗಿಡಗಳು ನಿಧಾನವಾಗಿ ಒಗ್ಗಿಕೊಳ್ಳುತ್ತವೆ. ಅವುಗಳನ್ನು ಕೆಡಿಸುವುದು ಏರಿಳಿತ. ಮಧ್ಯಾಹ್ನ ಮೂರಕ್ಕೆ 40 ಡಿಗ್ರಿ, ನಾಲ್ಕೂವರೆಗೆ ಧೂಳೆಬ್ಬಿಸುವ ಬಿರುಗಾಳಿ, ಐದಕ್ಕೆ ದಪ್ಪ ಹನಿಗಳ ಜತೆ ಆಣೆಕಲ್ಲು, ರಾತ್ರಿ ತಣ್ಣನೆ ಗಾಳಿ, ಮರುದಿನ ಮತ್ತೆ ಅದೇ ಬಿಸಿಲು. ಈ ಹೊಯ್ದಾಟವನ್ನು ಹೇಗೆ ದಾಟಿಸಬೇಕೆಂಬುದು ತಿಳಿದರೆ ಹೋಳಿ ಹುಣ್ಣಿಮೆಯಿಂದ ಮಿರಗದ ಮಳೆವರೆಗೂ ಮನೆಯ ರೊಟ್ಟಿಗೆ ಹಿತ್ತಲಿನ ಪಲ್ಯ ಸಿಗುತ್ತದೆ.

ಈ ಮಳೆ ಎಲ್ಲಿಂದ ಬರುತ್ತದೆ? ಮಾರ್ಚ್‌ನಿಂದ ದಖ್ಖನ್ ಪ್ರಸ್ಥಭೂಮಿಯ ನೆಲ ವೇಗವಾಗಿ ಕಾಯುತ್ತದೆ. ನೆಲದ ಹತ್ತಿರ ಬಂಗಾಳ ಕೊಲ್ಲಿಯ ಕಡೆಯ ತೇವದ ಗಾಳಿ, ಎತ್ತರದಲ್ಲಿ ಪಶ್ಚಿಮದಿಂದ ಬೀಸುವ ಒಣ, ತಂಪು ಗಾಳಿ. ಇವೆರಡೂ ಸಂಧಿಸುವ ಪಟ್ಟಿ ಎಷ್ಟೋ ಸಲ ವಿದರ್ಭ, ಮರಾಠವಾಡಾ ಕಡೆಯಿಂದ ಉತ್ತರ ಒಳನಾಡಿನ ಮೇಲೆ ಹಾದು ದಕ್ಷಿಣಕ್ಕೆ ಚಾಚಿಕೊಳ್ಳುತ್ತದೆ. ಕಾದ ನೆಲದ ಗಾಳಿ ಮಧ್ಯಾಹ್ನದ ಹೊತ್ತಿಗೆ ರಭಸದಿಂದ ಮೇಲೇರಿ, ಹನಿ ಹೆಪ್ಪುಗಟ್ಟುವ ಎತ್ತರ ದಾಟಿ, ಗುಡುಗಿನ ಮೋಡವಾಗುತ್ತದೆ. ಅದಕ್ಕೇ ಈ ಅಡ್ಡಮಳೆ ಬಹುತೇಕ ಇಳಿಹೊತ್ತಿನಲ್ಲಿ ಬರುತ್ತದೆ. ಒಂದು ಓಣಿಗೆ ಹೊಯ್ದು ಮುಂದಿನ ಓಣಿಯನ್ನು ಒಣಗಿದಂತೆಯೇ ಬಿಡುತ್ತದೆ. 2014ರ ಮಾರ್ಚ್ ಆರಂಭದಲ್ಲಿ ಮರಾಠವಾಡಾ, ವಿದರ್ಭ ಮತ್ತು ಉತ್ತರ ಕರ್ನಾಟಕದ ಮೇಲೆ ದಿನಗಟ್ಟಲೆ ಸುರಿದ ಆಣೆಕಲ್ಲು ರೈತರ ನೆನಪಿನಿಂದ ಇನ್ನೂ ಅಳಿದಿಲ್ಲ. 2023ರ ಮಾರ್ಚ್ ಮಧ್ಯದಲ್ಲಿಯೂ ಬೀದರ್, ಕಲಬುರಗಿ ಸೀಮೆಯಲ್ಲಿ ಹೊಲ, ರಸ್ತೆ ಬೆಳ್ಳಗಾಗುವಷ್ಟು ಬಿತ್ತು. ಹಾಗೆಂದು ಇದನ್ನೇ ನೆಚ್ಚಿ ಕೂಡುವಂತಿಲ್ಲ. ವರ್ಷದ ಒಟ್ಟು ಮಳೆಯಲ್ಲಿ ಏಪ್ರಿಲ್, ಮೇ ತಿಂಗಳುಗಳ ಪಾಲು ಇಲ್ಲಿ ಹತ್ತನೇ ಒಂದರಷ್ಟೂ ಇಲ್ಲ. ಭರಣಿ ಸುರಿದರೆ ಧರಣಿಗೆ ಬೆಳೆ ಎಂದು ಹಿರಿಯರು ಹೇಳುತ್ತಿದ್ದುದು ಅದು ಸುರಿಯುವುದು ಅಪರೂಪವೆಂಬ ಕಾರಣಕ್ಕೇ ಇರಬೇಕು.

ಆದ್ದರಿಂದ ಮುಗಿಲು ನೋಡಿ ನಿರ್ಧಾರ ಮಾಡುವುದಕ್ಕಿಂತ ಕಾಲಕೆಳಗಿನ ಮಣ್ಣು ನೋಡಿ ನಿರ್ಧರಿಸುವುದೇ ಸರಿ. ಇದಕ್ಕೆ ಕಲಬುರಗಿ ಮತ್ತು ಕಮಲಾಪುರಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಹುಮನಾಬಾದ್ ರಸ್ತೆಯಲ್ಲಿ ಸುಮಾರು 35 ಕಿಲೋಮೀಟರ್ ಹೋದರೆ ಕಮಲಾಪುರ. ನಗರದ ಸುತ್ತ ಎರೆ ಭೂಮಿ, ತೊಗರಿ, ಜೋಳದ ಕಪ್ಪು ನೆಲ. ಕಮಲಾಪುರದ ಕಡೆ ಹೋದಂತೆ ಬೀದರ್ ಪ್ರಸ್ಥಭೂಮಿಯ ಜಂಬಿಟ್ಟಿಗೆಯ ಗುಣ ಕಾಣಿಸಿಕೊಂಡು ಮಣ್ಣು ಕೆಂಪಾಗುತ್ತದೆ. ಆ ಕೆಂಪು ಮಣ್ಣಿನ ಕಣಿವೆಯಲ್ಲೇ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಕಮಲಾಪುರದ ಕೆಂಪು ಬಾಳೆ ಬೆಳೆಯುವುದು. ಒಂದೇ ಸಂಜೆ ಎರಡೂ ಕಡೆ ಒಂದೇ ಅಳತೆಯ ಮಳೆ ಬಿದ್ದರೂ ಮರುದಿನ ಎರಡು ಹಿತ್ತಲಿನಲ್ಲಿ ಮಾಡಬೇಕಾದ ಕೆಲಸ ಬೇರೆಬೇರೆ.

ಎರೆ ಮಣ್ಣಿನ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಏಪ್ರಿಲ್‌ನಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುವ ಹಿತ್ತಲುಗಳಿವೆ. ಬಿರುಕು ಬಿಡುವಾಗ ಎಳೆಯ ಬೇರು ಹರಿಯುತ್ತದೆ, ಆಳದ ತೇವವೂ ಆ ಸಂದಿಯಿಂದ ಹಾರಿಹೋಗುತ್ತದೆ. ಮೇಲಿನಿಂದ ನೀರು ಬಿಟ್ಟರೆ ಅದು ಬೇರನ್ನು ತೋಯಿಸದೆ ಬಿರುಕಿನೊಳಗೆ ಇಳಿದು ಮಾಯವಾಗುತ್ತದೆ. ಆಮೇಲೆ ಒಂದು ದೊಡ್ಡ ಮಳೆ ಬಂದರೆ ಕಥೆ ತಿರುವುಮುರುವು. ಜೇಡಿ ಉಬ್ಬಿ ಸಂದುಗಳು ಮುಚ್ಚಿಕೊಂಡು ನೀರು ಬಸಿಯದೆ ನಿಲ್ಲುತ್ತದೆ. ಬೇರಿಗೆ ಗಾಳಿ ಸಿಗುವುದಿಲ್ಲ. ಎರಡು ದಿನ ಬಿಟ್ಟು ಮೆಣಸಿನ ಗಿಡ ಬಾಡಿದಾಗ ನೀರು ಸಾಲಲಿಲ್ಲವೆಂದು ಇನ್ನೊಂದು ಕೊಡ ಸುರಿಯುವವರೇ ಜಾಸ್ತಿ. ಬಾಡಿದ್ದು ಬಾಯಾರಿಕೆಯಿಂದಲೋ ಬೇರು ಉಸಿರುಗಟ್ಟಿದ್ದರಿಂದಲೋ ಎಂಬುದನ್ನು ಎಲೆ ಹೇಳುವುದಿಲ್ಲ, ಮಣ್ಣು ಹೇಳುತ್ತದೆ. ಬುಡದಿಂದ ಒಂದು ಗೇಣು ದೂರದಲ್ಲಿ ಬೆರಳುದ್ದ ಮಣ್ಣು ಕೆದರಿ ಉಂಡೆ ಮಾಡಿ ನೋಡಿ. ಕೈಗೆ ಮೆತ್ತಿಕೊಂಡು ಜಿಗುಟಾದರೆ ನೀರು ಬೇಡ. ಉಂಡೆಯಾಗಿ, ಬೆರಳಿನಿಂದ ತಟ್ಟಿದರೆ ಒಡೆಯುವಂತಿದ್ದರೆ ಹದ ಇದೆ. ಉಂಡೆಯೇ ಆಗದಿದ್ದರೆ ನೀರು ಕೊಡಿ.

ಎರೆ ಮಣ್ಣಿನಲ್ಲಿ ಸುಣ್ಣದಂಶ ಹೆಚ್ಚು, ರಸಸಾರ ಸಾಮಾನ್ಯವಾಗಿ 8ರ ಮೇಲೆ. ನೀರು ನಿಂತ ನಂತರ ಚಿಗುರೆಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿಯುತ್ತದಲ್ಲ, ಅದು ಬಹಳ ಸಲ ಕಬ್ಬಿಣದ ಕೊರತೆ. ಮಣ್ಣಿನಲ್ಲಿ ಕಬ್ಬಿಣ ಇಲ್ಲವೆಂದಲ್ಲ, ಬೇರಿಗೆ ಎಟುಕುತ್ತಿಲ್ಲ. ಯೂರಿಯಾ ಹಾಕಿದರೆ ಇದು ಸರಿಹೋಗುವುದಿಲ್ಲ. ಮೊದಲು ನೀರು ನಿಲ್ಲಿಸಿ, ಮೇಲ್ಮಣ್ಣು ಸಡಿಲಿಸಿ. ಆಮೇಲೂ ಹಳದಿ ಹೋಗದಿದ್ದರೆ ಒಂದು ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ನಿಂಬೆ ಉಪ್ಪು ಕರಗಿಸಿ ಸಂಜೆ ಎಲೆಗೆ ಸಿಂಪಡಿಸಿದರೆ ವಾರದೊಳಗೆ ಹಸಿರು ಮರಳುತ್ತದೆ.

ಕಮಲಾಪುರದ ಕೆಂಪು ಮಣ್ಣಿನ ತೊಂದರೆ ಇದಕ್ಕೆ ವಿರುದ್ಧ. ನೀರು ಸರಾಗ ಬಸಿಯುತ್ತದೆ, ಬೇರು ಕೊಳೆಯುವ ಭಯ ಕಡಿಮೆ. ಆದರೆ ಹಿಡಿದಿಟ್ಟುಕೊಳ್ಳುವ ಶಕ್ತಿ ಎರೆಯ ಅರ್ಧದಷ್ಟು ಇರಬಹುದು. ಸಂಜೆ ಬಿದ್ದ ಮಳೆಯ ತಂಪು ಮೂರನೆಯ ದಿನಕ್ಕೆ ಉಳಿಯುವುದಿಲ್ಲ; ಒಣಗಿದ ಮೇಲ್ಪದರ ಗಟ್ಟಿ ಹೆಪ್ಪಾಗಿ ಬಿತ್ತಿದ ಬೀಜ ಮೊಳೆತು ಮೇಲೆ ಬರಲಾರದೆ ಒಳಗೇ ಮುರುಟುತ್ತದೆ. ಹೀಗಾಗಿ ಎರೆಯಲ್ಲಿ ನೆಲದಿಂದ ಒಂದು ಗೇಣು ಎತ್ತರದ ಏರುಮಡಿ ಬೇಕು, ಕೆಂಪಿನಲ್ಲಿ ನೆಲಮಟ್ಟಕ್ಕಿಂತ ತುಸು ತಗ್ಗಾದ ಮಡಿ ಬೇಕು. ಎರೆಗೆ ಅಪರೂಪಕ್ಕೆ, ಆಳವಾಗಿ ನೀರು. ಕೆಂಪಿಗೆ ಸ್ವಲ್ಪ ಸ್ವಲ್ಪವೇ, ಬೇಗ ಬೇಗ. ಎರಡಕ್ಕೂ ಬೇಕಾದ ಮದ್ದು ಮಾತ್ರ ಒಂದೇ, ಕಳಿತ ತಿಪ್ಪೆ ಗೊಬ್ಬರ. ಅದು ಎರೆಯ ಬಿರುಸನ್ನು ಸಡಿಲಿಸುತ್ತದೆ, ಕೆಂಪಿಗೆ ನೀರು ಹಿಡಿಯುವ ಗುಣ ಕೊಡುತ್ತದೆ.

ಈಗ ನೀರಿನ ಲೆಕ್ಕ. ನಡು ಬೇಸಿಗೆಯಲ್ಲಿ ನಮ್ಮ ಹವೆ ಒಂದು ತೋಟದಿಂದ ದಿನಕ್ಕೆ ಸುಮಾರು 6ರಿಂದ 8 ಮಿಲಿಮೀಟರ್ ನೀರು ಹೀರುತ್ತದೆ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಎಂದರೆ ಒಂದು ಲೀಟರ್. 10 ಚದರ ಮೀಟರಿನ ಸಣ್ಣ ಹಿತ್ತಲಿಗೂ ದಿನಕ್ಕೆ 60ರಿಂದ 80 ಲೀಟರ್ ಬೇಕಾಯಿತು. ಭೀಮಾ, ಬೆಣ್ಣೆತೊರೆಗಳ ನೀರನ್ನು ನಂಬಿದ ನಗರದಲ್ಲಿ ನಳದ ನೀರು ಬಿಟ್ಟ ದಿನ ಮನೆಯ ಪಾತ್ರೆ, ಪಡಗಗಳನ್ನೆಲ್ಲ ತುಂಬಿಸುವ ಗಡಿಬಿಡಿ ಇರುವಾಗ ಗಿಡಕ್ಕೆ ಇಷ್ಟು ನೀರು ಎಲ್ಲಿಂದ ತರುವುದು? ಹೆಚ್ಚು ನೀರು ಹುಡುಕುವುದಕ್ಕಿಂತ ಇರುವ ನೀರು ಹಾರದಂತೆ ನೋಡಿಕೊಳ್ಳುವುದೇ ದಾರಿ.

ಬೇರೆಲ್ಲೂ ಸಿಗದ ಅನುಕೂಲವೊಂದು ನಮಗಿದೆ. ಕಲಬುರಗಿ ತೊಗರಿಯ ಕಣಜ. ರಾಶಿ ಮುಗಿದ ಮೇಲೆ ಹಳ್ಳಿಗಳಲ್ಲಿ ತೊಗರಿ ಕಟ್ಟಿಗೆ, ಹೊಟ್ಟು, ಜೋಳದ ಕಣಿಕೆ ಹೇರಳ. ದನಕ್ಕೆ ಹಾಕಿ ಉಳಿದ, ಮಳೆಗೆ ನೆನೆದು ಮೇವಿಗೆ ಬಾರದ ಹೊಟ್ಟನ್ನು ಒಂದು ಚೀಲ ತಂದು ನಾಲ್ಕು ಬೆರಳು ದಪ್ಪ ಹಾಸಿದರೆ ಮಣ್ಣಿನಿಂದ ನೇರವಾಗಿ ಹಾರುವ ನೀರು ಬಹುಪಾಲು ನಿಲ್ಲುತ್ತದೆ, ಎರೆ ಬಿರಿಯುವುದಿಲ್ಲ, ಆಣೆಕಲ್ಲು ಬಿದ್ದರೂ ಮಣ್ಣು ಸಿಡಿದು ಎಲೆಗೆ ರೋಗ ಹತ್ತುವುದಿಲ್ಲ. ಬುಡಕ್ಕೆ ಮಾತ್ರ ತಾಗಿಸಬಾರದು. ಮಳೆ ಬಂದಾಗ ಅಲ್ಲೇ ಕೊಳೆ ಶುರುವಾಗುತ್ತದೆ. ಕಬ್ಬಿನ ಸೀಮೆಯ ನಂಟರಿದ್ದವರಿಗೆ ರವದಿಯೂ ಆದೀತು. ತೊಗರಿ ಕಟ್ಟಿಗೆ ನೆಟ್ಟು ಅದರ ಮೇಲೆ ಕಣಿಕೆ ಹರವಿದರೆ ಬಿಸಿಲನ್ನು ಅರ್ಧಕ್ಕಿಳಿಸುವ ಚಪ್ಪರ ಸಿದ್ಧ. ಅಂಗಡಿಯ ಹಸಿರು ನೆರಳು ಬಲೆಗೆ ದುಡ್ಡು ಕೊಡುವ ಮೊದಲು ಇದನ್ನು ಮಾಡಿ ನೋಡಿ ಎಂದೇ ನನ್ನ ಸಲಹೆ. ಬಲೆಯೇ ಬೇಕೆಂದವರು 50 ಪ್ರತಿಶತದ್ದನ್ನು ತಂದು ಇಳಿಜಾರಾಗಿ, ಬಿಗಿಯಾಗಿ ಕಟ್ಟಲಿ. ಜೋಲು ಬಿಟ್ಟರೆ ಆಣೆಕಲ್ಲು ತುಂಬಿ ಗಿಡದ ಮೇಲೇ ಕುಸಿಯುತ್ತದೆ. ನೆರಳು ಮುಖ್ಯವಾಗಿ ಬೇಕಾದದ್ದು ಪಡುವಣ ದಿಕ್ಕಿಗೆ. ಮಧ್ಯಾಹ್ನ ಎರಡರಿಂದ ಐದರವರೆಗಿನ ಬಿಸಿಲು ತಡೆದರೆ ಸಾಕು, ಬೆಳಗಿನ ಬಿಸಿಲು ಗಿಡದ ಊಟ.

ನೀರು ಕೊಡುವುದು ಬೆಳಿಗ್ಗೆ ಏಳರೊಳಗೆ. ಅಕ್ಕಿ, ಬೇಳೆ, ಕಾಯಿಪಲ್ಯ ತೊಳೆದ ನೀರನ್ನು ಧಾರಾಳವಾಗಿ ಹಾಕಬಹುದು. ಸಾಬೂನಿನ ನೀರು, ಶುದ್ಧೀಕರಣ ಯಂತ್ರ ಹೊರಹಾಕುವ ಉಪ್ಪಿನ ನೀರು ಎರೆ ಮಣ್ಣಿಗೆ ದಿನವೂ ಬೇಡ. ಊರಿಗೆ ಹೋಗುವವರು ಕುಂಬಾರರ ಗಡಿಗೆಯೊಂದನ್ನು ಕುತ್ತಿಗೆವರೆಗೆ ಮಡಿಯಲ್ಲಿ ಹೂತು ನೀರು ತುಂಬಿ ಮುಚ್ಚಿಟ್ಟರೆ ಸುತ್ತಲಿನ ನಾಲ್ಕು ಬಳ್ಳಿಗೆ ಅದು ಜಿನುಗುತ್ತಾ ಎರಡು ಮೂರು ದಿನ ದೂಡುತ್ತದೆ.

ಮಾಳಿಗೆ ಮೇಲಿನ ತೋಟಕ್ಕೆ ಇನ್ನೊಂದು ಕಷ್ಟ. ಶಹಾಬಾದಿ ಫರಸಿ ಹಾಸಿದ ಮಾಳಿಗೆ ಹಗಲೆಲ್ಲ ಬಿಸಿಲುಂಡು ರಾತ್ರಿಯೂ ರೊಟ್ಟಿ ಹಂಚಿನ ಹಾಗೆ ಕಾವು ಬಿಡುತ್ತಿರುತ್ತದೆ. ಅದರ ಮೇಲಿಟ್ಟ ಕಪ್ಪು ಚೀಲದೊಳಗಿನ ಮಣ್ಣು ಬೇರು ಕೆಲಸ ನಿಲ್ಲಿಸುವಷ್ಟು ಬಿಸಿಯಾಗುತ್ತದೆ. ಎಷ್ಟು ನೀರು ಹಾಕಿದರೂ ಗಿಡ ಏರುವುದಿಲ್ಲ. ಕುಂಡಗಳನ್ನು ಇಟ್ಟಿಗೆ ಅಥವಾ ಕಟ್ಟಿಗೆಯ ಮೇಲಿಟ್ಟು ಕೆಳಗೆ ಗಾಳಿ ಆಡಲು ಬಿಡಿ. ಚೀಲಕ್ಕೆ ಗೋಣಿ ಸುತ್ತಿ, ಅಥವಾ ಹೊರಮೈಗೆ ಸುಣ್ಣ ಬಳಿಯಿರಿ. ಒಂಟಿ ಕುಂಡಕ್ಕಿಂತ ಗುಂಪಾಗಿಟ್ಟ ಕುಂಡಗಳು ಒಂದಕ್ಕೊಂದು ನೆರಳಾಗುತ್ತವೆ. ಕುಂಡಕ್ಕೆ ಬರೀ ಎರೆ ಮಣ್ಣು ತುಂಬುವುದು ಬೇಡವೇ ಬೇಡ. ಒಣಗಿ ಕುಗ್ಗಿದಾಗ ಅಂಚಿನಲ್ಲಿ ಸಂದಿಯಾಗಿ ನೀರೆಲ್ಲ ಆ ಸಂದಿಯಿಂದ ತಳಕ್ಕೆ ಇಳಿದುಹೋಗುತ್ತದೆ. ಕಮಲಾಪುರದ ಕಡೆಯ ಕೆಂಪು ಮಣ್ಣು, ಗೊಬ್ಬರ, ಸ್ವಲ್ಪ ಮರಳು ಕೂಡಿಸಿದ ಮಿಶ್ರಣ ಮಾಳಿಗೆಗೆ ಹೇಳಿಮಾಡಿಸಿದ್ದು.

ಏನು ಬೆಳೆಯಬೇಕು ಎಂಬುದರಲ್ಲಿ ಆಸೆಗಿಂತ ಹವೆಯ ಮಾತು ಕೇಳುವುದು ಒಳಿತು. ಎಲ್ಲರಿಗೂ ಟೊಮೆಟೊ ಬೇಕು. ಆದರೆ ಹಗಲು 35 ಡಿಗ್ರಿ ಮೀರಿ, ರಾತ್ರಿ 21–22ಕ್ಕಿಂತ ಕೆಳಗಿಳಿಯದಿದ್ದರೆ ಟೊಮೆಟೊ ಹೂವಿನ ಪರಾಗ ಸತ್ವ ಕಳೆದುಕೊಂಡು ಹೂ ಉದುರುತ್ತದೆ. ಕಲಬುರಗಿಯ ಏಪ್ರಿಲ್ ರಾತ್ರಿಗಳು 25ರ ಸುಮಾರಿನಲ್ಲಿರುತ್ತವೆ. ಇದು ಗೊಬ್ಬರದಿಂದ, ಔಷಧಿಯಿಂದ ಸರಿಯಾಗುವಂಥದ್ದಲ್ಲ. ಚಳಿಗಾಲದಲ್ಲಿ ನೆಟ್ಟ ಗಿಡದಲ್ಲಿ ಮಾರ್ಚ್‌ವರೆಗೆ ಕಚ್ಚಿದ ಕಾಯಿಗಳನ್ನು ನೆರಳು ಕೊಟ್ಟು ಮಾಗಿಸಿಕೊಳ್ಳಿ, ಹೊಸ ಸಸಿಯನ್ನು ಮಳೆಗಾಲಕ್ಕೆ ಬಿಡಿ. ಆ ಇರುವ ಕಾಯಿಗಳಿಗೂ ಏರಿಳಿತವೇ ವೈರಿ. ಒಣಗಿದ ಮಣ್ಣಿಗೆ ಏಕಾಏಕಿ ಮಳೆ ಬಿದ್ದಾಗ ತಿರುಳು ಉಬ್ಬಿ ಸಿಪ್ಪೆ ಸೀಳುತ್ತದೆ. ಒಮ್ಮೆ ಒಣ, ಒಮ್ಮೆ ಹಸಿ ಆದಾಗ ಸುಣ್ಣದ ಸತ್ವ ಕಾಯಿಯ ತುದಿ ಮುಟ್ಟದೆ ಅಲ್ಲಿ ಕಪ್ಪು ಕೊಳೆ ಕೂಡುತ್ತದೆ. ಮಣ್ಣಿನಲ್ಲಿ ಸುಣ್ಣ ಸಾಕಷ್ಟಿದ್ದರೂ ಹೀಗಾಗುವುದರಿಂದ ಮತ್ತೆ ಸುಣ್ಣ ಹಾಕಿ ಪ್ರಯೋಜನವಿಲ್ಲ. ನೀರನ್ನು ಸಮನಾಗಿ ಕೊಡಬೇಕು. ಮೋಡ ಕಟ್ಟಿದ ಸಂಜೆ ಬಣ್ಣ ತಿರುಗಿದ ಕಾಯಿಗಳನ್ನೆಲ್ಲ ಕಿತ್ತು ಒಳಗಿಟ್ಟರೆ ಅವು ಅಡುಗೆಮನೆಯಲ್ಲೇ ಹಣ್ಣಾಗುತ್ತವೆ.

ಬೆಂಡೆ, ಚವಳಿಕಾಯಿ, ಹೀರೆ, ಹಾಗಲ, ಸೌತೆ, ರಾಜಗಿರಿ, ಗೋಳಿ ಪಲ್ಯ ಈ ಕಾಲದ ನಿಜವಾದ ಬೆಳೆಗಳು. ರಾಜಗಿರಿ 25ರಿಂದ 30 ದಿನಕ್ಕೆ ಕೊಯ್ಲಿಗೆ ಬರುವುದರಿಂದ ಒಂದು ಆಣೆಕಲ್ಲು ಮಳೆಗೆ ಹಾಳಾದರೂ ಹೋದದ್ದು ಒಂದು ತಿಂಗಳು ಮಾತ್ರ. ಹದಿನೈದು ದಿನಕ್ಕೊಂದು ಸಣ್ಣ ಮಡಿ ಬಿತ್ತುತ್ತಾ ಹೋದರೆ ಒಂದಲ್ಲ ಒಂದು ಮಡಿ ಕೈಹಿಡಿಯುತ್ತದೆ. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಅಭಿವೃದ್ಧಿಪಡಿಸಿದ ಅರ್ಕಾ ಸುಗುಣಾ ಎಂಬ ರಾಜಗಿರಿ ತಳಿಯನ್ನು ಮತ್ತೆ ಮತ್ತೆ ಕೊಯ್ಯಬಹುದು. ಬೆಂಡೆಯಲ್ಲಿ ಅದೇ ಸಂಸ್ಥೆಯ ಅರ್ಕಾ ಅನಾಮಿಕಾ ಮನೆತೋಟಗಳಿಗೆ ಹಳೆಯ ಪರಿಚಯ. ಹೀರೆ, ಹಾಗಲದ ಬಳ್ಳಿಯಲ್ಲಿ ಮೊದಮೊದಲು ಬರೀ ಗಂಡುಹೂವು ಬಂದರೆ ಕಂಗೆಡಬೇಡಿ. ಬಿಸಿಲು ಹೆಚ್ಚಾದಷ್ಟೂ ಗಂಡುಹೂವು ಹೆಚ್ಚು. ಒಂದೆರಡು ಮಳೆಯ ತಂಪಾದ ಮೇಲೆ ಹೆಣ್ಣುಹೂವು ತಾನಾಗಿ ಬರುತ್ತದೆ. ಅಲ್ಲಿಯವರೆಗೆ ಬಳ್ಳಿಯನ್ನು ಪಡುವಣ ಗೋಡೆಗೆ ಹಬ್ಬಿಸಿದರೆ ಮನೆಗೆ ನೆರಳಾದರೂ ಆಗುತ್ತದೆ. ಸೌತೆಗೆ ನೀರು ತಪ್ಪಿದರೆ ಕಾಯಿ ಕಹಿಯಾಗುತ್ತದೆ, ಆಮೇಲೆ ಎಷ್ಟು ನೀರು ಕೊಟ್ಟರೂ ಆ ಕಾಯಿಯ ಕಹಿ ಹೋಗದು.

ಗಾಳಿಯ ವಿಷಯವನ್ನು ಕಮಲಾಪುರದ ಬಾಳೆ ತೋಟಗಳ ಎದುರು ನಿಂತು ಯೋಚಿಸಬೇಕು. ಕೆಂಪು ಬಾಳೆ ಗೊನೆ ಕೊಡಲು ಸುಮಾರು ಒಂದೂವರೆ ವರ್ಷ ತೆಗೆದುಕೊಳ್ಳುತ್ತದೆ; ಯಾವಾಗ ನೆಟ್ಟರೂ ಒಂದಾದರೂ ಬೇಸಿಗೆಯ ಬಿರುಗಾಳಿಯನ್ನು ಅದು ದಾಟಲೇಬೇಕು. ಸುತ್ತ ದಿಣ್ಣೆಗಳಿದ್ದು ಗಾಳಿಯ ರಭಸ ಮುರಿಯುವ ಕಣಿವೆ ಅದಕ್ಕೆ ಅನುಕೂಲ. ಮನೆಯಂಗಳದಲ್ಲಿ ಕಣಿವೆ ಇಲ್ಲ, ಆದರೆ ಗಾಳಿ ಬರುವ ಕಡೆಗೆ ಒಂದೆರಡು ನುಗ್ಗೆ, ಒಂದು ಸಾಲು ತೊಗರಿ ಅಥವಾ ಕಟ್ಟಿಗೆಯ ಬೇಲಿ ಇಡಬಹುದು. ಗಟ್ಟಿ ಗೋಡೆಗಿಂತ ಸಂದಿಯಿರುವ ಬೇಲಿಯೇ ಮೇಲು. ಗೋಡೆಗೆ ಬಡಿದ ಗಾಳಿ ಮೇಲೇರಿ ಹಿಂಬದಿಗೆ ಸುಳಿಯಾಗಿ ಬೀಳುತ್ತದೆ, ಬೇಲಿ ಅದನ್ನು ಸೋಸಿ ಬಿಡುತ್ತದೆ. ಬದನೆ, ಮೆಣಸಿನ ಗಿಡಕ್ಕೆ ಮಾರ್ಚ್‌ನಲ್ಲೇ ಊರುಗೋಲು ಕಟ್ಟಿ. ಮೋಡ ಕಂಡ ಮೇಲೆ ಕಟ್ಟಲು ಹೋಗಬೇಡಿ. ಗುಡುಗು ಕೇಳಿಸಿದ ಕೂಡಲೇ ಮಾಳಿಗೆ ಬಿಟ್ಟು ಇಳಿಯಬೇಕು. ಏಪ್ರಿಲ್–ಮೇ ಸಿಡಿಲು ನಮ್ಮ ಜಿಲ್ಲೆಯಲ್ಲಿ ಹೊಲದಲ್ಲಿ ದುಡಿಯುವವರ ಜೀವ ತೆಗೆದಿದೆ. ಕುಂಡ ಉರುಳಿದರೆ ಉರುಳಲಿ.

ಮಳೆ ನಿಂತ ಮರುದಿನದ ಕೆಲಸದಲ್ಲೇ ತೋಟದ ಅಳಿವು ಉಳಿವು ಇದೆ. ಮೊದಲ ಕೆಲಸ, ಮಡಿಯಲ್ಲಿ ನಿಂತ ನೀರಿಗೆ ದಾರಿ ಮಾಡುವುದು. ಒದ್ದೆ ಎರೆ ಮಣ್ಣನ್ನು ತುಳಿಯಬಾರದು. ಕಾಲಿಟ್ಟಲ್ಲಿ ಅದು ಇಟ್ಟಿಗೆಯಾಗುತ್ತದೆ. ಹದ ಬಂದ ಮೇಲೆ ಕುರ್ಪಿಯಿಂದ ಮೇಲ್ಪದರ ಸಡಿಲಿಸಿ. ಆಣೆಕಲ್ಲಿಗೆ ಎಲೆ ಹರಿದ ಗಿಡವನ್ನು ಕಂಡು ಕಿತ್ತೆಸೆಯುವುದು ತಪ್ಪು. ಮುರಿದು ಜೋತ ಕೊಂಬೆಯನ್ನು ಮಾತ್ರ ಕತ್ತರಿಸಿ, ಉಳಿದದ್ದನ್ನು ನಾಲ್ಕೈದು ದಿನ ಬಿಡಿ; ಬದನೆ, ಬೆಂಡೆ ಕೆಳಗಣ್ಣಿನಿಂದ ಚಿಗುರುತ್ತವೆ. ಗಾಯದ ಮೂಲಕ ರೋಗ ಹೊಗದಂತೆ ಒಂದು ಲೀಟರ್ ನೀರಿಗೆ 3 ಗ್ರಾಂ ತಾಮ್ರದ ಆಕ್ಸಿಕ್ಲೋರೈಡ್ ಬೆರೆಸಿ ಸಿಂಪಡಿಸಬಹುದು. ಸೊಪ್ಪಿನ ಮಡಿಗೆ ಅದನ್ನು ಹೊಡೆಯಬೇಡಿ. ಯೂರಿಯಾ ಚೆಲ್ಲುವ ಅವಸರವೂ ಬೇಡ. ಒಣಗಿದ ಮಣ್ಣು ನೆನೆದಾಗ ಅದರೊಳಗಿನ ಸೂಕ್ಷ್ಮಜೀವಿಗಳು ಎಚ್ಚೆತ್ತು ಸಾರಜನಕವನ್ನು ತಾವೇ ಬಿಡುಗಡೆ ಮಾಡುತ್ತವೆ. ಮೊದಲ ಮಳೆಯ ನಂತರ ಕಸ ಕೂಡ ಅಷ್ಟು ಹಸಿರಾಗಿ ಏಳುವುದು ಅದಕ್ಕೇ. ಸಣ್ಣ ತುಂತುರಾದರೆ ಮಾತ್ರ ಎಚ್ಚರ. ಬೋರಿನ ಗಡಸು ನೀರಿನಿಂದ ಮೇಲೆ ಕೂತ ಬಿಳಿ ಉಪ್ಪನ್ನು ತುಂತುರು ಬೇರಿನ ಮಟ್ಟಕ್ಕೆ ಇಳಿಸಿ ಅಲ್ಲೇ ಬಿಡುತ್ತದೆ. ಅಂಥ ದಿನ ಕುಂಡಗಳಿಗೆ ತಳದಿಂದ ಹರಿದುಹೋಗುವಷ್ಟು ನೀರು ಕೊಡಬೇಕು.

ಬಿಸಿಲು ಹೆಚ್ಚಿದಾಗ ಎಲೆಯಡಿ ಕೆಂಪು ನುಸಿ, ಥ್ರಿಪ್ಸ್, ಬಿಳಿನೊಣ; ಮಳೆಯಾದ ಮೇಲೆ ಹೀರೆ, ಹಾಗಲಕ್ಕೆ ಹಣ್ಣುನೊಣ. ನುಸಿಗೆ ಬೆಳಿಗ್ಗೆ ಎಲೆಯ ಅಡಿಗೆ ರಭಸದ ನೀರು ಸಾಕಾಗುತ್ತದೆ. ಉಳಿದವಕ್ಕೆ 50 ಗ್ರಾಂ ಬೇವಿನ ಬೀಜದ ಪುಡಿಯನ್ನು ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಸಿ, ಸೋಸಿ, ಸಂಜೆ ಹೊತ್ತು ಸಿಂಪಡಿಸಿ. ಬಿಸಿಲಿನಲ್ಲಿ ಅದರ ಸತ್ವ ಬೇಗ ಅಳಿಯುತ್ತದೆ. ಬೆಂಡೆಯ ಎಲೆನರಗಳು ಹಳದಿ ತಿರುಗಿದರೆ ಅದು ಬಿಳಿನೊಣ ತಂದ ನಂಜು ರೋಗ, ಮದ್ದಿಲ್ಲ. ಆ ಗಿಡ ಕಿತ್ತು ದೂರ ಹಾಕಿ.

ಮೇ 11ರ ಸುಮಾರಿಗೆ ಕೃತ್ತಿಕಾ ಮಳೆ ಹೊಗುತ್ತದೆ. ಮಳೆಗಾಲದ ಬದನೆ, ಮೆಣಸಿನಕಾಯಿ ಬೀಜಗಳನ್ನು ನೆರಳಿನಲ್ಲಿ ಚೆಲ್ಲಲು ಅದೇ ಸರಿಯಾದ ಸಮಯ. ತಿಂಗಳ ಸಸಿಯಾದಾಗ ಜೂನ್ 8ರ ಆಸುಪಾಸಿನ ಮಿರಗ ಬಂದಿರುತ್ತದೆ. ಅಷ್ಟರೊಳಗೆ ಹಿತ್ತಲಿನ ನಾಲ್ಕಾರು ಕಡೆಯ ಮಣ್ಣು ಕೂಡಿಸಿ ಅರ್ಧ ಕೆಜಿಯನ್ನು ನೆರಳಲ್ಲಿ ಒಣಗಿಸಿ, ಆಳಂದ ರಸ್ತೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಪರೀಕ್ಷೆಯ ಬಗ್ಗೆ ವಿಚಾರಿಸಿ. ಮಾಳಿಗೆಯ ನೀರಿಳಿಯುವ ಪೈಪಿಗೆ ಒಂದು ಪೀಪಾಯಿ ಹಿಡಿದು, ಸೊಳ್ಳೆಯಾಗದಂತೆ ಬಟ್ಟೆ ಕಟ್ಟಿಡಿ. 100 ಚದರ ಮೀಟರಿನ ಮಾಳಿಗೆಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ ಅದು 1,000 ಲೀಟರ್ ನೀರು. ಅದರಲ್ಲಿ ನಿಮಗೆ ಹಿಡಿಯಲಾಗುವಷ್ಟನ್ನು ಈ ಬೇಸಿಗೆಯಿಂದಲೇ ಹಿಡಿಯಲು ಶುರು ಮಾಡಿ.